ಅಡಿಕೆ ತೋಟಕ್ಕೆ ರಂಜಕ: ಚೀಲ ಬಿಚ್ಚುವ ಮೊದಲು ಮಣ್ಣು ಪರೀಕ್ಷಿಸಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮುರಮಣ್ಣು ಸಾಮಾನ್ಯವಾಗಿ ಹುಳಿ. ಅದರಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ, ಸಾರಜನಕ ಮತ್ತು ಪೊಟ್ಯಾಷ್ ಮಳೆಗಾಲದಲ್ಲಿ ಇಳಿದುಹೋದರೂ ರಂಜಕ ಮಾತ್ರ ಹಾಕಿದಲ್ಲೇ ಉಳಿಯುತ್ತದೆ. ವರ್ಷಾವರ್ಷ ರಾಜ್‌ಫಾಸ್ (ಶಿಲಾರಂಜಕ ಗೊಬ್ಬರ) ಕಂಡ ಹಳೆಯ ತೋಟದಲ್ಲಿ ಅದು ಮಿತಿಮೀರಿ ಶೇಖರವಾಗಿ ಬೇರಿಗೆ ಸತು ಸಿಗದಂತೆ ಮಾಡಬಹುದು; ಹೊಸದಾಗಿ ಗುಡ್ಡ ಸವರಿ ಮಾಡಿದ ಪಕ್ಕದ ತೋಟದಲ್ಲಿ ಕೊರತೆಯೇ ಇರಬಹುದು.

ಆದ್ದರಿಂದ ಮೊದಲ ಕೆಲಸ ಮಣ್ಣು ಪರೀಕ್ಷೆ. ಸುಣ್ಣ, ಗೊಬ್ಬರ ಹಾಕುವ ಮೊದಲು, ಬೇಸಿಗೆಯಲ್ಲಿ, ತೋಟದ ಹತ್ತಾರು ಕಡೆ ಮರದ ಬುಡದಿಂದ ಎರಡೂವರೆ ಅಡಿ ದೂರದಲ್ಲಿ ಸೊಪ್ಪು, ತರಗೆಲೆ ಸರಿಸಿ, ಒಂದಡಿ ಆಳದ ಹೊಂಡ ತೋಡಿ, ಅದರ ಬದಿಯನ್ನು ಮೇಲಿನಿಂದ ಕೆಳಗಿನವರೆಗೆ ಸಮನಾಗಿ ಕೆರೆದು ಮಣ್ಣು ತೆಗೆಯಬೇಕು. ಎಲ್ಲವನ್ನೂ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಕೃಷಿಭವನದ ಮೂಲಕ ಪ್ರಯೋಗಾಲಯಕ್ಕೆ ಕಳುಹಿಸಿದರೆ ಸಾಕು. ಗುಡ್ಡದ ತೋಟ ಮತ್ತು ಬಯಲಿನ ತೋಟದ ಮಣ್ಣನ್ನು ಒಂದೇ ಚೀಲಕ್ಕೆ ಸುರಿದರೆ ಬರುವ ವರದಿ ಯಾವ ತೋಟಕ್ಕೂ ಹೊಂದುವುದಿಲ್ಲ.

ವರದಿಯಲ್ಲಿ ಲಭ್ಯ ರಂಜಕ ಹೆಕ್ಟೇರಿಗೆ 10 ಕಿಲೋಗಿಂತ ಕಡಿಮೆಯಿದ್ದರೆ ಕೊರತೆ, ಸುಮಾರು 24 ಕಿಲೋ ದಾಟಿದರೆ ಹೆಚ್ಚು. ಫಲ ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ ಶಿಫಾರಸಾಗಿರುವುದು 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಈ 40 ಗ್ರಾಂ ಸುಮಾರು 200 ಗ್ರಾಂ ಶಿಲಾರಂಜಕದಲ್ಲಿ ಸಿಗುತ್ತದೆ. ಪ್ರಮಾಣ ತೀರಾ ಹೆಚ್ಚಿದ್ದಲ್ಲಿ ರಂಜಕವನ್ನು ಕೆಲವು ವರ್ಷ ಕೈಬಿಟ್ಟು ಮತ್ತೆ ಪರೀಕ್ಷಿಸಬಹುದು. ಆದರೆ ರಾಜ್‌ಫಾಸ್ ನಿಲ್ಲಿಸಿ 17:17:17 ಚೀಲ ತಂದರೆ ನಿಲ್ಲಿಸಿದ್ದೇನೂ ಇಲ್ಲ; ಆ ಮಿಶ್ರಗೊಬ್ಬರದಲ್ಲೂ ಸಾರಜನಕ, ಪೊಟ್ಯಾಷ್ ಜತೆ ರಂಜಕ ಇದೆ. ಅಂಥಲ್ಲಿ ಯೂರಿಯಾ ಮತ್ತು ಪೊಟ್ಯಾಷನ್ನು ಬೇರೆಬೇರೆಯಾಗಿ ಕೊಡುವುದೇ ಸರಿ.

ಕೊರತೆಯಿದ್ದಲ್ಲಿ ಸುಣ್ಣ ಮತ್ತು ಶಿಲಾರಂಜಕವನ್ನು ಜತೆಯಾಗಿ ಹಾಕಬಾರದು. ಶಿಲಾರಂಜಕ ಕರಗುವುದಕ್ಕೆ ಮಣ್ಣಿನ ಹುಳಿಯೇ ಬೇಕು, ಸುಣ್ಣ ಅದನ್ನೇ ತಗ್ಗಿಸುತ್ತದೆ. ಎರಡರ ನಡುವೆ ಕೆಲವು ವಾರಗಳ ಅಂತರವಿರಲಿ. ಗೊಬ್ಬರವನ್ನು ಬುಡದ ಸುತ್ತಲಿನ ಕಟ್ಟೆಯೊಳಗೆ, ಬೇರಿರುವಲ್ಲಿ ಹರಡಿ, ತೆಳುವಾಗಿ ಕೆದಕಿ ಮಣ್ಣಿಗೆ ಸೇರಿಸಬೇಕು. ಮೇಲೆಯೇ ಬಿಟ್ಟರೆ ಆಟಿಯ (ಜುಲೈ-ಆಗಸ್ಟ್) ಮಳೆಗೆ ಮಣ್ಣಿನೊಂದಿಗೆ ತೋಡಿಗೆ ಹೋಗುತ್ತದೆ.

ಹಟ್ಟಿಗೊಬ್ಬರ, ಸೊಪ್ಪು, ಅಡಿಕೆ ಸೋಗೆಯ ಎರೆಗೊಬ್ಬರ ಇವು ತಮ್ಮಲ್ಲಿರುವ ಅಲ್ಪ ರಂಜಕವನ್ನು ಕೊಡುವುದಷ್ಟೇ ಅಲ್ಲ, ಕೊಳೆಯುವಾಗ ಹುಟ್ಟುವ ಸಾವಯವ ಆಮ್ಲಗಳಿಂದ ಮಣ್ಣಿನಲ್ಲಿ ಸಿಕ್ಕಿಬಿದ್ದ ರಂಜಕವನ್ನೂ ಸ್ವಲ್ಪಸ್ವಲ್ಪವಾಗಿ ಬಿಡಿಸುತ್ತವೆ. ಹಳೆಯ ತೋಟದವರಿಗೆ ಹೊಸ ಚೀಲಕ್ಕಿಂತ ಇದೇ ಅಗ್ಗದ ದಾರಿ.