ಸಿಗುರೊ ಅಂದರೆ ಖಂಡಿತ ಅಲ್ಲ: ದವಾವೊದಲ್ಲಿ ನಾನು ಬಿಸಾಯಾ ಕಲಿತ ಬಗೆ

ದಾವಣಗೆರೆಯಿಂದ ಫಿಲಿಪೀನ್ಸಿನ ದವಾವೊಗೆ ಮೆಡಿಕಲ್ ಓದಲು ಹೊರಟಾಗ ಎರಡು ಊರಿನ ಹೆಸರು ಒಂದೇ ಥರ ಕೇಳಿಸುತ್ತದೆ ಅನ್ನೋದು ಬಿಟ್ಟರೆ ಆ ಊರಿನ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಫಿಲಿಪೀನ್ಸ್ ಮುನ್ನೂರು ವರ್ಷಕ್ಕೂ ಜಾಸ್ತಿ ಸ್ಪೇನಿನ ಕೈಯಲ್ಲಿತ್ತು ಅಂತ ಯಾರೋ ಹೇಳಿದ್ದರು. ಸರಿ, ಮೊಬೈಲಿನಲ್ಲಿ ಮೂರು ತಿಂಗಳು ಸ್ಪ್ಯಾನಿಷ್ ಕಲಿತೆ. ಬುದ್ಧಿವಂತಿಕೆ ಮಾಡಿದೆ ಅಂದುಕೊಂಡಿದ್ದೆ.

ಅಲ್ಲಿ ಪಾಠ ಎಲ್ಲ ಇಂಗ್ಲಿಷಿನಲ್ಲಿ. ರೋಗಿಗಳು ಮಾತಾಡುವುದು ಮಾತ್ರ ಸೆಬುವಾನೊ. ಊರಿನವರು ಅದನ್ನು ಬಿಸಾಯಾ ಅನ್ನುತ್ತಾರೆ. ವಾರ್ಡಿಗೆ ಹೋಗಲು ಶುರುಮಾಡಿದ ಮೊದಲ ವಾರ ಒಬ್ಬ ಅಜ್ಜನನ್ನು ಕೇಳಿದೆ: "ನಕಾಇನೊಮ್ ನಾ ಕಾ ಸಾ ತಂಬಾಲ್?" ಮಾತ್ರೆ ತಗೊಂಡ್ರಾ ಅಂತ. ಅಜ್ಜ ನಿಧಾನವಾಗಿ "ಸಿಗುರೊ" ಅಂದ. ಸ್ಪ್ಯಾನಿಷಿನಲ್ಲಿ ಸೆಗೂರೊ ಅಂದರೆ ಖಚಿತ. ಕೇಸ್ ಶೀಟಿನಲ್ಲಿ "ಮಾತ್ರೆ ತೆಗೆದುಕೊಂಡಿದ್ದಾರೆ" ಅಂತ ಬರೆದೆ. ಸಂಜೆ ಹಿರಿಯ ಡಾಕ್ಟರು ಎಲ್ಲರ ಮುಂದೆ ಬೈದರು. ಬಿಸಾಯಾದಲ್ಲಿ ಸಿಗುರೊ ಅಂದರೆ "ಇರಬಹುದು". ಖಚಿತ ಅನ್ನಬೇಕಾದರೆ "ಸಿಗುರಾದೊ" ಅನ್ನಬೇಕು. ಅಜ್ಜ ಮಾತ್ರೆ ತಗೊಂಡಿರಲೇ ಇಲ್ಲ.

ಅವತ್ತು ರಾತ್ರಿ ಸಿಟ್ಟು ಬಂದಿದ್ದು ಭಾಷೆಯ ಮೇಲೆ. ಖಚಿತ ಅನ್ನೋ ಪದ "ಇರಬಹುದು" ಹೇಗಾಗುತ್ತದೆ? ಆಮೇಲೆ ನಮ್ಮೂರು ನೆನಪಾಯಿತು. "ಮದುವೆಗೆ ಖಂಡಿತ ಬರ್ತೀನಿ" ಅಂದವರಲ್ಲಿ ಎಷ್ಟು ಜನ ಬಂದಿದ್ದಾರೆ? ಭರವಸೆಯ ಪದ ಬಳಸಿ ಬಳಸಿ ಸವೆಯುತ್ತದೆ. ಸ್ಪ್ಯಾನಿಷಿನಲ್ಲೂ ಇದು ಆಗಿದೆ ಅಂತ ತಿಳಿದಿದ್ದು ತಡವಾಗಿ. ಅದೇ ಪದದಿಂದ ಹುಟ್ಟಿದ "ಸೆಗುರಾಮೆಂತೆ"ಗೆ ಅವರ ದಿನನಿತ್ಯದ ಮಾತಿನಲ್ಲಿ "ಬಹುಶಃ" ಅನ್ನೋ ಅರ್ಥವೇ ಜಾಸ್ತಿ. ಅಂದರೆ ಬಿಸಾಯಾದವರು ಪದ ಕೆಡಿಸಲಿಲ್ಲ. ಇಳಿಜಾರಿನಲ್ಲಿದ್ದದ್ದನ್ನು ಇನ್ನೊಂದು ಹೆಜ್ಜೆ ಮುಂದೆ ತಳ್ಳಿದರು, ಅಷ್ಟೆ.

ಮಾರನೇ ದಿನ ಒಂದು ಉದ್ದ ನೋಟ್‌ಬುಕ್ ತಂದೆ. ಪದ ಮತ್ತು ಅರ್ಥ ಅಂತ ಎರಡು ಸಾಲು ಎಳೆಯಲಿಲ್ಲ. ಕಿವಿಗೆ ಬಿದ್ದ ಇಡೀ ವಾಕ್ಯ ಬರೆದೆ. ಯಾರು ಯಾರಿಗೆ ಅಂದರು, ಆಗ ಮುಖ ಹೇಗಿತ್ತು ಅನ್ನೋದನ್ನೂ ಬರೆದೆ. ಸ್ಪ್ಯಾನಿಷ್ ಅರ್ಥ ಕೊನೆಗೆ, ಪೆನ್ಸಿಲಿನಲ್ಲಿ. ಅಳಿಸಬೇಕಾಗುತ್ತದೆ ಅಂತ ಅಷ್ಟು ಹೊತ್ತಿಗೆ ಗೊತ್ತಾಗಿತ್ತು.

ಮೊದಲು ಹಿಡಿತಕ್ಕೆ ಬಂದಿದ್ದು ಸದ್ದು. ಬಿಸಾಯಾದಲ್ಲಿ ಮೊದಲಿಂದ "ಫ" ಇಲ್ಲ, "ವ" ಬಂದರೆ "ಬ" ಆಗುತ್ತದೆ. ವೆಂತಾನಾ ಬಿಂತಾನಾ ಆಯಿತು, ಅಂದರೆ ಕಿಟಕಿ. ವಾಕಾ ಬಾಕಾ ಆಯಿತು, ಅಂದರೆ ಹಸು. ಮೂಲದಲ್ಲಿ ಸ್ವರಗಳೂ ಅ, ಇ, ಉ ಮೂರೇ. ಜಾನ್ ವುಲ್ಫ್ ಅವರ 1972ರ ಸೆಬುವಾನೊ ನಿಘಂಟು ಎಲ್ಲವನ್ನೂ ಈ ಮೂರರಲ್ಲೇ ಬರೆಯುತ್ತದೆ. "ಸಪಾತೊಸ್", ಅಂದರೆ ಶೂ, ಬೇಕಿದ್ದರೆ "ಸಪಾತುಸ್" ಅಂತ ಹುಡುಕಬೇಕು. ಇದು ಗೊತ್ತಿಲ್ಲದೆ ಒಂದು ಸಂಜೆ ಸುಮ್ನೆ ಹಾಳಾಯಿತು.

ಸದ್ದಿನಲ್ಲಿ ಕಾಲವೂ ಅಡಗಿರುತ್ತದೆ. ಸೋಪಿಗೆ ಅಲ್ಲಿ "ಸಬೊನ್". ಇವತ್ತಿನ ಸ್ಪ್ಯಾನಿಷಿನಲ್ಲಿ ಅದು "ಹಬೋನ್". 1565ರಲ್ಲಿ ಸ್ಪೇನಿನ ದಂಡನಾಯಕ ಲೆಗಾಸ್ಪಿ ಸೆಬು ದ್ವೀಪಕ್ಕೆ ಬಂದು ನೆಲೆಸಿದ ಕಾಲಕ್ಕೆ ಆ ಮೊದಲ ಅಕ್ಷರದ ಹಳೆಯ ಉಚ್ಚಾರ ಹೆಚ್ಚುಕಡಿಮೆ "ಶ" ಇದ್ದ ಹಾಗೆ ಇತ್ತು. ಹಾಗಾಗಿ ಸಬೊನ್ ಹಳೇ ಸರಕು. ಇಸ್ಪೀಟಿಗೆ ಹೇಳುವ "ಬರಾಹಾ"ದಲ್ಲಿ ಅದೇ ಅಕ್ಷರ "ಹ" ಆಗಿದೆ. ಅದು ಆಮೇಲೆ ಬಂದಿರಬೇಕು. ಸಬೊನ್ ಕೇಳಿದ ಕನ್ನಡಿಗನಿಗೆ ಸಾಬೂನು ನೆನಪಾಗದೆ ಇರುತ್ತದಾ?

ಜೀಪ್ನಿ, ಅಂದರೆ ಅಲ್ಲಿನ ಜೀಪಿನಂಥ ಸಣ್ಣ ಬಸ್ಸು, ನನ್ನ ಎರಡನೇ ಶಾಲೆ. ಇಳಿಯಬೇಕಾದವರು "ಲುಗಾರ್ ಲಾಂಗ್!" ಅಂತ ಕೂಗುತ್ತಾರೆ. ಸ್ಪ್ಯಾನಿಷಿನಲ್ಲಿ ಲುಗಾರ್ ಅಂದರೆ ಜಾಗ. ಬಿಸಾಯಾ ಪದ ಲಾಂಗ್ ಅಂದರೆ "ಅಷ್ಟೆ, ಸಾಕು". "ಜಾಗ ಅಷ್ಟೆ" ಅಂದರೆ ಏನು? ಮೊದಲ ದಿನ ಕೂರಲು ಜಾಗ ಕೇಳುತ್ತಿದ್ದಾರೆ ಅಂದುಕೊಂಡು ಪಕ್ಕಕ್ಕೆ ಸರಿದೆ. ಕೂಗಿದಾಕೆ ನನ್ನನ್ನು ದಾಟಿ ಇಳಿದೇಹೋದಳು. ಪಕ್ಕಕ್ಕೆ ಹಾಕಿ ನಿಲ್ಲಿಸಿ ಅನ್ನೋದೇ ಅದರ ಅರ್ಥ. ಬಸ್ ಚಾರ್ಜಿಗೆ ಅಲ್ಲಿ "ಪ್ಲೆತೆ". ಮೂಲದ ಫ್ಲೆತೆ ಅಂದರೆ ಸರಕು ಸಾಗಣೆಯ ಬಾಡಿಗೆ. ಸಂಜೆ ಆರರ ಜೀಪ್ನಿಯಲ್ಲಿ ಮೂಟೆಯ ಹಾಗೆ ಕೂತವರಿಗೆ ಈ ಪದ ಚೆನ್ನಾಗಿಯೇ ಒಪ್ಪುತ್ತದೆ.

ಅದೇ ಜೀಪ್ನಿಯಲ್ಲಿ ಒಂದು ಪಾಠವೂ ಆಯಿತು. ಚಿಲ್ಲರೆಗೆ "ಸಿನ್ಸಿಲ್ಯೊ" ಅನ್ನುತ್ತಾರೆ. ಸ್ಪ್ಯಾನಿಷಿನ ಸೆನ್ಸೀಯೊ ಅಂದರೆ ಸರಳ. ಆಹಾ, ಸರಳ ಅನ್ನೋದು ಇಲ್ಲಿ ಚಿಲ್ಲರೆ ಆಗಿದೆ ಅಂತ ಖುಷಿಯಿಂದ ಬರೆದುಕೊಂಡೆ. ತಪ್ಪು. ಮೆಕ್ಸಿಕೊದಲ್ಲೂ ಅದಕ್ಕೆ ಚಿಲ್ಲರೆ ಅನ್ನೋ ಅರ್ಥ ಇದೆ. ಫಿಲಿಪೀನ್ಸಿಗೂ ಮೆಕ್ಸಿಕೊದ ಅಕಾಪುಲ್ಕೊಗೂ 1565ರಿಂದ 1815ರವರೆಗೆ ಹಡಗು ಓಡಾಡುತ್ತಿತ್ತು. ಸಯೊತೆ ಅಂದರೆ ನಮ್ಮ ಸೀಮೆಬದನೆ, ಕಮೊತೆ ಅಂದರೆ ಗೆಣಸು. ಈ ಹೆಸರುಗಳೆಲ್ಲ ಅದೇ ಹಡಗಿನಲ್ಲಿ ಬಂದ ಮೆಕ್ಸಿಕೊದ ನಾವಾಟ್ಲ್ ಭಾಷೆಯ ಪದಗಳು. ಅರ್ಥ ಇಲ್ಲೇ ಬದಲಾಯಿತು ಅನ್ನೋ ಮುಂಚೆ ದಾರಿಯಲ್ಲೇ ಬದಲಾಗಿತ್ತಾ ಅಂತ ನೋಡಬೇಕು. ಪೆನ್ಸಿಲಿನಲ್ಲಿ ಬರೆದದ್ದು ಒಳ್ಳೇದೇ ಆಯಿತು.

ಸೇಬು ಒಂದಿದ್ದರೂ "ಮನ್ಸಾನಾಸ್". ಕೊನೆಯ "ಸ್" ಸ್ಪ್ಯಾನಿಷಿನ ಬಹುವಚನ. "ಉಸಾ ಕಾ ಮನ್ಸಾನಾಸ್" ಅಂದರೆ ಲೆಕ್ಕಕ್ಕೆ "ಒಂದು ಸೇಬುಗಳು". ದ್ರಾಕ್ಷಿ ಉಬಾಸ್, ಗುಂಡಿ ಬುತೊನೆಸ್, ಈರುಳ್ಳಿ ಸಿಬುಯಾಸ್, ಎಲ್ಲದರ ಕಥೆಯೂ ಇದೇ. ಸಂತೆಯಲ್ಲಿ ಯಾರು ಒಂದೇ ದ್ರಾಕ್ಷಿ ಕೇಳುತ್ತಾರೆ ಹೇಳಿ? ಕಿವಿಗೆ ಬಿದ್ದಿದ್ದೇ ಬಹುವಚನ. ನಗುವ ಹಾಗಿಲ್ಲ. "ಒಬ್ಬರು ಲೇಡೀಸ್ ಇಳೀತಾರೆ" ಅನ್ನೋ ಕಂಡಕ್ಟರ್ ಊರಿನವನು ನಾನು.

ವಾರ್ಡಿನಲ್ಲಿ ನನಗೆ ನಿಜವಾಗಿ ಕಷ್ಟ ಕೊಟ್ಟಿದ್ದು ಸಣ್ಣ ಪದಗಳು. "ಸಿಗೆ" ನೋಡಿ. ಸ್ಪ್ಯಾನಿಷಿನ ಸೀಗೆ, "ಮುಂದುವರಿ" ಅಂತ. ಬಿಸಾಯಾದಲ್ಲಿ ಅದಕ್ಕೆ "ಆಯ್ತು, ಸರಿ" ಅನ್ನೋ ಅರ್ಥ ಇದೆ. ಅಷ್ಟು ಗೊತ್ತಿತ್ತು. ಒಬ್ಬಾಕೆ "ಸಿಗೆ ಕೊಗ್ ಉಬೊ, ದೊಕ್" ಅಂದಳು. ಉಬೊ ಅಂದರೆ ಕೆಮ್ಮು. ಕೆಮ್ಮಿ ತೋರಿಸುತ್ತೀನಿ, ಸರಿನಾ ಅಂತ ಕೇಳುತ್ತಿದ್ದಾಳೆ ಅಂದುಕೊಂಡು ಸ್ಟೆತ್ ಇಟ್ಟು ಕಾದೆ. ಆಕೆಯೂ ಕಾದಳು. ಪಕ್ಕದ ನರ್ಸ್ ನಕ್ಕು ಬಿಡಿಸಿ ಹೇಳಿದರು: ಒಂದೇ ಸಮನೆ ಕೆಮ್ಮು ಬರುತ್ತಿದೆ ಅಂತ. ಮುಂದುವರಿ ಅನ್ನೋದರಿಂದ ಎರಡು ಕವಲು. ಒಂದು ಅನುಮತಿ, ಇನ್ನೊಂದು ನಿಲ್ಲದೆ ನಡೆಯೋದು. ಯಾವುದು ಅನ್ನೋದನ್ನು ಹೇಳುವುದು ಪಕ್ಕದಲ್ಲಿರುವ ಬಿಸಾಯಾ ಪದ. ಈ ಒಂದು ವಾಕ್ಯಕ್ಕೆ ನೋಟ್‌ಬುಕ್ಕಿನಲ್ಲಿ ಒಂದು ಪುಟ ಹೋಗಿದೆ.

"ಪಿರ್ಮಿ" ಅಂತ ಇನ್ನೊಂದಿದೆ. ಅರ್ಥ "ಯಾವಾಗಲೂ". ಮೂಲ ಫಿರ್ಮೆ, ಗಟ್ಟಿಯಾಗಿ ನಿಂತದ್ದು. ಫುಯೆರ್ತೆ ಅಂದರೆ ಬಲ. ಅದು "ಪ್ವೆರ್ತೆ" ಆಗಿ "ತುಂಬಾ" ಅನ್ನೋ ಕೆಲಸಕ್ಕೆ ಸೇರಿದೆ. ಏಪ್ರಿಲ್ ಮಧ್ಯಾಹ್ನ ಎಲ್ಲರ ಬಾಯಲ್ಲೂ "ಪ್ವೆರ್ತೆಂಗ್ ಇನಿತಾ!", ಅಬ್ಬಾ ಏನು ಸೆಕೆ! ನಾವು ಪಾರ್ಸಿಯಿಂದ ಬಂದ "ಜೋರು" ಹಿಡಿದು ಜೋರು ಹಸಿವು, ಜೋರು ಮಳೆ ಅನ್ನೋದಿಲ್ವಾ? "ದೆಲಿಕಾದೊ" ಅಂದರೆ ಮೂಲದಲ್ಲಿ ಸೂಕ್ಷ್ಮ, ಬಿಸಾಯಾದಲ್ಲಿ ಅಪಾಯ. ಇದು ನನಗೆ ಒಂದು ಕ್ಷಣವೂ ವಿಚಿತ್ರ ಅನ್ನಿಸಲಿಲ್ಲ. ರೋಗಿಯ ಸ್ಥಿತಿ ನಾಜೂಕಾಗಿದೆ ಅಂತ ಕೇಳಿಕೊಂಡೇ ಬೆಳೆದವನು ನಾನು.

ಇನ್ನು ಹೊರಗಿನ ಪದವನ್ನು ಕ್ರಿಯಾಪದ ಮಾಡುವ ಬಗೆ. ನಾವು ಹಿಂದೆ "ಇಸು" ಅಂಟಿಸುತ್ತೇವೆ, ಬದಲಾಯಿಸು ಅನ್ನೋ ಹಾಗೆ. ಅವರು ಮುಂದೆ ಅಂಟಿಸುತ್ತಾರೆ. ಎಸ್ಕ್ವೆಲಾ ಅಂದರೆ ಶಾಲೆ, "ನಗ್‌ಎಸ್ಕ್ವೆಲಾ" ಅಂದರೆ ಓದುತ್ತಿದ್ದಾನೆ. "ನಗ್" ಅಂದರೆ ತಾನಾಗಿ ಮಾಡುವುದು. ಬರೀ "ನಾ" ಸೇರಿಸಿದರೆ ತನ್ನ ಕೈಮೀರಿ ಆಗಿದ್ದು. ದಿಸ್ಗ್ರಾಸ್ಯಾ ಸ್ಪೇನಿನಲ್ಲಿ ದುರದೃಷ್ಟ, ಇಲ್ಲಿ ಅಪಘಾತ. "ನಾದಿಸ್ಗ್ರಾಸ್ಯಾ ಸಾ ಮೊತೊರ್" ಅಂದರೆ ಬೈಕ್ ಆಕ್ಸಿಡೆಂಟ್ ಆಯ್ತು. ನಮ್ಮ "ಮಾಡಿದ" ಮತ್ತು "ಆಯ್ತು" ಇದ್ದ ಹಾಗೆ. ಕ್ಯಾಶುವಾಲ್ಟಿಯಲ್ಲಿ ನಾನು ಜಾಸ್ತಿ ಕೇಳಿದ ಪದ ಇದೇ ಇರಬೇಕು.

ಅದೇ "ನಾ" ಇರುವ "ನಾಪಾಸ್ಮೊ ಕೊ" ನನ್ನನ್ನು ಮತ್ತೊಮ್ಮೆ ಕೆಡವಿತು. ಪಾಸ್ಮೊ ಕೇಳಿದವನೇ ಸ್ಪಾಸಮ್ ಅಂದುಕೊಂಡು ಸ್ನಾಯು ಸೆಳೆತ ಅಂತ ಬರೆದೆ. ಆದರೆ ಹಾಗಂದ ಹೆಂಗಸು ಬೆಳಿಗ್ಗೆಯಿಂದ ಊಟ ಮಾಡಿರಲಿಲ್ಲ. ಹೊಟ್ಟೆ ನೋವು, ಕೈ ನಡುಕ. ಊಟ ಬಿಟ್ಟರೆ ಪಾಸ್ಮೊ. ದುಡಿದು ಬಿಸಿಯಾದ ಮೈಗೆ ತಣ್ಣೀರು ಸೋಕಿದರೂ ಪಾಸ್ಮೊ. ಈ ಕಾಯಿಲೆ ನಮ್ಮ ಪಠ್ಯಪುಸ್ತಕದಲ್ಲಿಲ್ಲ. ನಮ್ಮಜ್ಜಿಯ ಹತ್ತಿರ ಹೋಗಿದ್ದರೆ "ಹಸಿದು ಪಿತ್ತ ಏರಿದೆ" ಅಂತ ಒಂದೇ ಮಾತಿನಲ್ಲಿ ಹೇಳುತ್ತಿದ್ದಳು. ಸ್ಪ್ಯಾನಿಷ್ ಪದವನ್ನು ತಗೊಂಡು ತಮ್ಮ ಮನೆಮದ್ದಿನ ಲೆಕ್ಕಾಚಾರದೊಳಗೆ ಕೂರಿಸಿದ್ದಾರೆ. ಇಂಥ ಪದಕ್ಕೆ ಸ್ಪ್ಯಾನಿಷ್ ನಿಘಂಟು ಏನು ಮಾಡೀತು?

ಬಾಲಗಳೂ ಎರವಲು ಬಂದಿವೆ. ಬಬಾಯೆ ಅಂದರೆ ಹೆಂಗಸು, ಅಪ್ಪಟ ಬಿಸಾಯಾ. ಅದಕ್ಕೆ ಸ್ಪ್ಯಾನಿಷಿನ "ಎರೊ" ಸೇರಿ "ಬಬಾಯೆರೊ", ಹೆಣ್ಣುಬಾಕ. ನಮ್ಮ ಲಂಚಕ್ಕೆ ಪಾರ್ಸಿಯ "ಕೋರ" ಅಂಟಿದ ಹಾಗೆ. ಬೈಗುಳಕ್ಕೆ ಬಾಲ ಎರವಲು ತರೋದು ಎರಡೂ ಕಡೆ ಇದೆ ಅನ್ನಿ.

ಈಗ ಊರಿಗೆ ವಾಪಸ್ ಬಂದು ಒಂದು ಕ್ಲಿನಿಕ್ಕಿನಲ್ಲಿ ಕೂರುತ್ತೇನೆ. ಮೊನ್ನೆ ಒಬ್ಬ ಅಜ್ಜಿ ಬಂದರು. "ಕೆಮ್ಮು ಕಾಯಂ ಐತೆ ನೋಡಪ್ಪಾ" ಅಂದರು. ಔಷಧಿ ಬರೆದುಕೊಟ್ಟು ಕಳಿಸಿದೆ. ಕಾಯಂ ಅನ್ನೋದು ತಲೆಯಲ್ಲೇ ಉಳಿಯಿತು. ಅರಬ್ಬಿಯ ಖಾಯಿಮ್, ಅಂದರೆ ನಿಂತಿರುವುದು. ರಾತ್ರಿ ಅಟ್ಟದಿಂದ ಹಳೇ ನೋಟ್‌ಬುಕ್ ಇಳಿಸಿ, "ಪಿರ್ಮಿ" ಇದ್ದ ಪುಟ ತೆಗೆದು, ಅದರ ಪಕ್ಕ ಕಾಯಂ ಅಂತ ಪೆನ್ನಿನಲ್ಲೇ ಬರೆದೆ.