ಹಿಮೊಗ್ಲೋಬಿನ್ ಸರಿ ಇತ್ತು, ಕಾಲು ಸುಮ್ಮನಿರಲಿಲ್ಲ

ಬೆಟಗೇರಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್. ‘ರೆಸ್ಟ್‌ಲೆಸ್ ಲೆಗ್ಸ್’ ಅಂತ ಹೇಳಿಕೊಂಡು ಗಿರಾಕಿ ಯಾರೂ ಬರುವುದಿಲ್ಲ. ‘ಮಲಗಿದ್ರ ಕಾಲಾಗ ಇರಿವಿ ಹರದಾಡಿದಂಗ ಆಗತೈತ್ರಿ, ಎದ್ದು ಅಡ್ಡಾಡಿದ್ರ ಕಡಿಮಿ ಆಗತೈತಿ’ ಅಂತಾರೆ. ರೋಗದ ಗುರುತೆಲ್ಲ ಅಷ್ಟರಲ್ಲೇ ಬಂತು. ಸುಮ್ಮನಿದ್ದಾಗ ಶುರು, ನಡೆದರೆ ಇಳಿತ, ರಾತ್ರಿ ಜೋರು.

ನನಗೂ ಅದೇ. ಅವ್ವನಿಗೂ ಇತ್ತು, ಹಳೆ ಸೀರೆಯ ಅರಿವೆಯಿಂದ ಮೀನಗಂಡ ಬಿಗಿದು ಕಟ್ಟಿಕೊಂಡೇ ಮಲಗುತ್ತಿದ್ದಳು. ಇದು ವಂಶದಲ್ಲಿ ಹರಿಯುವಂಥದ್ದು. ಸಂಬಂಧಪಟ್ಟ ಜೀನ್‌ಗಳು (ಎಂಇಐಎಸ್1, ಬಿಟಿಬಿಡಿ9) ಮೊದಲು ಸಿಕ್ಕಿದ್ದು 2007ರಲ್ಲಿ. 2024ರ ದೊಡ್ಡ ಅಧ್ಯಯನದಲ್ಲಿ ವಂಶವಾಹಿಯಲ್ಲಿ ಇದಕ್ಕೆ ಸಂಬಂಧಪಟ್ಟ ಜಾಗಗಳ ಸಂಖ್ಯೆ 164ಕ್ಕೆ ಏರಿತು.

ನನ್ನ ಹಿಮೊಗ್ಲೋಬಿನ್ 13.8 ಇತ್ತು. ಹಂಗಾಗಿ ಕಬ್ಬಿಣದ ಸುದ್ದಿಯನ್ನೇ ಯಾರೂ ಎತ್ತಿರಲಿಲ್ಲ. ಹುಬ್ಬಳ್ಳಿಯ ನರರೋಗ ತಜ್ಞರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಓಡಾಡುವ ಕಬ್ಬಿಣದ ಲೆಕ್ಕ) ಪರೀಕ್ಷೆ ಮಾಡಿಸಿದರು. ಜ್ವರ, ಬಾವು ಇದ್ದಾಗ ಫೆರಿಟಿನ್ ಸುಳ್ಳೇ ಮೇಲೇರುತ್ತದೆ, ಆಗ ಮಾಡಿಸಬೇಡಿ. ನನ್ನ ಫೆರಿಟಿನ್ 31 ಬಂತು. ಲ್ಯಾಬಿನ ಲೆಕ್ಕಕ್ಕೆ ನಾರ್ಮಲ್. ‘ಈ ಕಾಲಿಗೆ 75ರ ಮ್ಯಾಲೆ ಬೇಕ್ರಿ’ ಅಂದರು ಡಾಕ್ಟರು. ರಕ್ತದಲ್ಲಿ ಕಬ್ಬಿಣ ಇದ್ದರೂ ಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಭಾಗದಲ್ಲಿ ಕೊರತೆ ಇರುವುದು ಈ ರೋಗಿಗಳ ಎಂಆರ್‌ಐಯಲ್ಲಿ ಕಂಡಿದೆ. ಅಲ್ಲಿ ಕಬ್ಬಿಣ ತಪ್ಪಿದರೆ ನರಗಳ ನಡುವೆ ಸುದ್ದಿ ಮುಟ್ಟಿಸುವ ಡೋಪಮೈನ್ ಎಂಬ ರಾಸಾಯನಿಕದ ವ್ಯವಹಾರವೂ ತಪ್ಪುತ್ತದೆ. ಜೊತೆಗೆ, ಗಂಡಸಿನ ಕಬ್ಬಿಣ ಎಲ್ಲಿ ಸೋರಿತು ಅಂತ ಮೂಲವ್ಯಾಧಿ, ಹೊಟ್ಟೆ ಎಲ್ಲ ತಪಾಸಣೆ ಆಯಿತು.

ಕಬ್ಬಿಣದ ಗುಳಿಗೆ ದಿನ ಬಿಟ್ಟು ದಿನ, ಲಿಂಬೆಹಣ್ಣಿನ ನೀರಿನ ಜೊತೆ. ರೊಟ್ಟಿ ಉಂಡ ಕೂಡಲೇ ಚಹಾ ಕುಡಿಯುವ ಚಟ ಬಿಟ್ಟೆ, ಚಹಾ ಕಬ್ಬಿಣ ಹೀರಲು ಬಿಡುವುದಿಲ್ಲ. ಕ್ಯಾಲ್ಸಿಯಂ ಕೂಡ ಹಾಗೇ. ಎರಡನ್ನೂ ಒಂದೇ ಹೊತ್ತಿಗೆ ನುಂಗುವವರು ನನ್ನ ಗಿರಾಕಿಗಳಲ್ಲೇ ಎಷ್ಟೋ ಮಂದಿ! ಸಂಡಾಸ ಕಪ್ಪಗಾಗುತ್ತದೆ, ಹೆದರಬಾರದು. ಆರಾಮ ಅನಿಸಲು ತಿಂಗಳುಗಳೇ ಹಿಡಿದವು. ಗುಳಿಗೆ ಒಗ್ಗದವರಿಗೆ ರಕ್ತನಾಳಕ್ಕೇ ಕೊಡುವ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಇದೆ. ಅದನ್ನು ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಬೇಕು.

ಇನ್ನೊಂದು ಕೆಲಸ ನನ್ನ ಕಪಾಟಿನಲ್ಲೇ ಇತ್ತು. ನೆಗಡಿ, ಅಲರ್ಜಿಗೆ ತಗೊಳ್ಳುವ ನಿದ್ದೆ ಬರಿಸುವ ಗುಳಿಗೆಗಳು (ಫೆನಿರಮಿನ್, ಕ್ಲೋರ್‌ಫೆನಿರಮಿನ್), ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಖಿನ್ನತೆಯ ಕೆಲವು ಔಷಧ, ಇವೆಲ್ಲ ಈ ಕಾಲನ್ನು ಕೆಣಕುತ್ತವೆ. ‘ನಿದ್ದಿ ಬರ್ತೈತಿ’ ಅಂತ ನೆಗಡಿ ಗುಳಿಗೆ ನುಂಗಿದವರು ರಾತ್ರಿಯೆಲ್ಲ ಅಂಗಳ ತುಳಿಯುತ್ತಾರೆ.

ಚಿಕಿತ್ಸೆಯ ಹಾದಿಯೂ ಹೊರಳಿದೆ. ಮೊದಲು ಡೋಪಮೈನ್‌ನಂತೆ ಕೆಲಸ ಮಾಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಗುಳಿಗೆಗಳನ್ನು ಧಾರಾಳವಾಗಿ ಬರೆಯುತ್ತಿದ್ದರು. ಶುರುವಿಗೆ ಪವಾಡವೇ. ವರ್ಷಗಳು ಕಳೆದಂತೆ ರಾತ್ರಿಯ ಕಾಟ ಮಧ್ಯಾಹ್ನಕ್ಕೇ ಬರುತ್ತದೆ, ಕೈಗೂ ಹಬ್ಬುತ್ತದೆ. ಅದಕ್ಕೆ ಆಗ್‌ಮೆಂಟೇಷನ್ ಅಂತಾರೆ. ಡೋಸ್ ಏರಿಸಿದಷ್ಟೂ ಅದಕ್ಕೆ ಉಪ್ಪು-ಖಾರ ಹಾಕಿದಂತೆ. ಅಮೆರಿಕನ್ ನಿದ್ರಾ ವೈದ್ಯರ ಅಕಾಡೆಮಿ 2025ರ ಮಾರ್ಗಸೂಚಿಯಲ್ಲಿ ಇವನ್ನು ಹಿಂದೆ ಸರಿಸಿ, ನರನೋವಿಗೂ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಔಷಧಗಳನ್ನು ಮತ್ತು ಕಬ್ಬಿಣವನ್ನು ಮುಂದೆ ತಂದಿದೆ. ಮೊಣಕಾಲ ಕೆಳಗೆ ಕಟ್ಟಿ ಪೆರೋನಿಯಲ್ ನರಕ್ಕೆ ವಿದ್ಯುತ್ ಮಿಡಿತ ಕೊಡುವ ಪಟ್ಟಿಗೂ ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿತು.

ಪ್ರಮಿಪೆಕ್ಸೋಲ್ ಚೀಟಿ ಹಿಡಿದು ‘ಒಂದು ಸಾಲ್ತಿಲ್ರಿ, ಎರಡು ತಗೊಳ್ಳಲೇನ್ರಿ?’ ಅಂದವರಿಗೆ ನಾನೀಗ ಗುಳಿಗೆ ಹೆಚ್ಚು ಕೊಡುವುದಿಲ್ಲ. ಕಾಟ ಎಷ್ಟು ಗಂಟೆಗೆ ಶುರುವಾಗುತ್ತದೆ ಅಂತ ಕೇಳಿ, ಚೀಟಿಯ ಹಿಂದೆ ಬರೆದು, ಡಾಕ್ಟರ ಹತ್ತಿರ ವಾಪಸ್ ಕಳಿಸುತ್ತೇನೆ. ತಾವಾಗೇ ಒಮ್ಮೆಲೇ ಬಿಡಬ್ಯಾಡ್ರಿ ಅಂತಲೂ ಹೇಳುತ್ತೇನೆ, ಹಾಗೆ ಬಿಟ್ಟರೆ ಕಾಲು ಇನ್ನೂ ಕೆರಳುತ್ತದೆ.