ತಡರಾತ್ರಿಯ ಊರಿನಲ್ಲಿ ಬೇಗ ಏಳುವವರಿಗೆ

ನಸುಕಿನ ನಾಲ್ಕೂವರೆಗೆ ಎಚ್ಚರವಾಗುವ ನನ್ನಂಥವರಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಒಗ್ಗದು ಎನ್ನುತ್ತಾರೆ. ಖಂಡಿತ ಒಗ್ಗುತ್ತದೆ, ಮಲಗುವ ಹೊತ್ತನ್ನು ಹಟ ಹಿಡಿದು ಕಾಯ್ದುಕೊಂಡರೆ.

ಕ್ಯಾಲಿಫೋರ್ನಿಯಾದ ತಂಡದೊಂದಿಗೆ ಸಭೆ ಇದೆಯೇ? ಅವರ ಬೆಳಗಿನ 8 ಗಂಟೆ ಬೇಸಿಗೆಯಲ್ಲಿ ನಮಗೆ ರಾತ್ರಿ 8.30. ನವೆಂಬರಿನಲ್ಲಿ ಅವರ ಗಡಿಯಾರ ಒಂದು ಗಂಟೆ ಹಿಂದೆ ಸರಿದಾಗ ಅದೇ ಸಭೆ 9.30ಕ್ಕೆ ಬಂದು ನಿಲ್ಲುತ್ತದೆ. ಆಗ ಸುಮ್ಮನಿರಬೇಡಿ. ನಮ್ಮ ಬೆಳಗಿನ 6 ಗಂಟೆ ಅವರಿಗೆ ಹಿಂದಿನ ದಿನದ ಸಂಜೆ 4.30, ಕಚೇರಿಯಲ್ಲಿ ಇನ್ನೂ ಕುಳಿತಿರುತ್ತಾರೆ. ಈ ಲೆಕ್ಕವನ್ನು ಬರೆದು ಕಳುಹಿಸಿ, ಆ ಹೊತ್ತನ್ನೇ ಕೇಳಿ. ನನ್ನ ತಂಡ ಒಪ್ಪಿದೆ.

ದೇಹಕ್ಕೆ ಸೇರಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಹಾಗಾಗಿ ಕೊನೆಯ ಲೋಟ ಕಾಫಿ ಮಧ್ಯಾಹ್ನವೇ ಮುಗಿಯಲಿ. ಎದ್ದ ಮೇಲೆ, ಬೆಳಕು ಹರಿಯುತ್ತಿದ್ದಂತೆ ತಾರಸಿಗೆ ಹೋಗಿ. ದೇಹದೊಳಗಿನ ಗಡಿಯಾರವನ್ನು ಹೊಂದಿಸುವುದು ಆ ಬೆಳಕೇ.

ಮನೆಯವರ ನಿದ್ದೆ ಕೆಡಿಸಬಾರದೆಂಬ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಚಟ್ನಿಯನ್ನು ರಾತ್ರಿಯೇ ರುಬ್ಬಿ ಫ್ರಿಜ್‌ನಲ್ಲಿಡಿ, ಡಿಕಾಕ್ಷನ್ ಇಳಿಯಲು ಬಿಡಿ, ಸ್ಟೀಲ್ ಪಾತ್ರೆಗಳನ್ನು ತೊಳೆದು ಜೋಡಿಸಿಡಿ. ಐದು ಗಂಟೆಗೆ ಮಿಕ್ಸಿ ಹಾಕುವುದು ಮಲಗಿದವರಿಗೆ ಮಾಡುವ ಅನ್ಯಾಯ.

ಮದುವೆಗೆ ಕರೆದರೆ ರಾತ್ರಿಯ ಆರತಕ್ಷತೆ ಬಿಟ್ಟು ಮುಹೂರ್ತಕ್ಕೆ ಹೋಗಿ. ಧಾರೆಯ ಹೊತ್ತಿಗೆ ಅಕ್ಷತೆ ಹಾಕಿದವರನ್ನು ಮನೆಯವರು ನೆನಪಿಟ್ಟುಕೊಳ್ಳುತ್ತಾರೆ. ವಧೂವರರೊಂದಿಗೆ ನಾಲ್ಕು ಮಾತಾಡಲು ಸಾಲಿನಲ್ಲಿ ನಿಲ್ಲಬೇಕಾಗಿಯೂ ಇಲ್ಲ. ಸಂಜೆ ಬರುವುದಿಲ್ಲವೆಂದು ಮಾತ್ರ ಮೊದಲೇ ಫೋನ್ ಮಾಡಿ ತಿಳಿಸಿ.